ತೂತಿನ ಸುತ್ತ

ಚಿಕ್ಕಬಳ್ಳಾಪುರದ ಭೂಮಾಪನ ಕಚೇರಿ, ರೆಕಾರ್ಡು ರೂಮು.
ಮೈದಾ ಅಂಟು, ಚಿಟಿಕೆ ಮೈಲುತುತ್ತ, ಹಳೆ ಮಲ್ಲು ಪಂಚೆ,
ಇಷ್ಟೇ ನನ್ನ ಸಾಮಾನು.
ಮೂವತ್ತೊಂದು ವರ್ಷದಿಂದ ಹರಿದ ನಕ್ಷೆಗಳ ಬೆನ್ನಿಗೆ
ಬಟ್ಟೆ ಹಚ್ಚುತ್ತ ಬಂದಿದ್ದೇನೆ.

ಇವತ್ತು ಮೇಜಿನ ಮೇಲೆ ಮಲಗಿರುವುದು
ಬಾಗೇಪಲ್ಲಿ ಕಡೆಯ ಹಾಳೆ.
ಇಂಚಿಗೊಂದು ಮೈಲಿ. ಯಾವನೋ ದೊರೆಯ ಕಾಲದ್ದು.
ಬೆಟ್ಟಗಳೆಲ್ಲ ಕಂದು ಗೆರೆ,
ಬೀಸುಕಲ್ಲಿನ ಸುತ್ತ ಬಿದ್ದ ರಾಗಿಹಿಟ್ಟಿನ ಹಾಗೆ
ಒಂದರ ಹೊರಗೊಂದು.
ನೀಲಿ ಬಣ್ಣಕ್ಕೆ ಮಾತ್ರ ಬಲು ಜಿಪುಣತನ:
ಕೆರೆಯ ಅಂಚಿಗೆ ಚುಕ್ಕಿ ಚುಕ್ಕಿ,
ಅಂದರೆ, ನೀರು ಇದ್ದರೂ ಇರಬಹುದು.
ಹಳ್ಳದ ತುಂಬ ಸಾಸಿವೆ ಚೆಲ್ಲಿದಂತೆ ಮರಳು.
ಒಂಟಿ ಹುಣಸೆಮರಕ್ಕೂ ಒಂದು ಗುರುತು ಕೊಟ್ಟಿದ್ದಾನೆ ಪುಣ್ಯಾತ್ಮ,
ಆ ಬಂಡೆಗಾಡಿನಲ್ಲಿ ಅದೊಂದೇ ನೆರಳು ಅಂತಲೋ ಏನೋ.

ನಡುವೆ ತೂತು.
ಗೆದ್ದಲು ತಿಂದದ್ದು, ಹುಣಸೆಬೀಜದಷ್ಟು ಅಗಲ.
ಸರಿಯಾಗಿ ಬೂದಿಗುಟ್ಟ. ನನ್ನ ತವರು.
ಅದಕ್ಕೆ ತಿನ್ನಲು ಇನ್ನೆಷ್ಟು ಹಾಳೆ ಇತ್ತು!

"ತೇಪೆ ಹಾಕಿ ಬಿಳಿ ಬಿಡಿ, ಸುಬ್ಬನರಸಮ್ಮ.
ಕಾಣದ್ದನ್ನು ಬರೆಯಬಾರದು" ಅಂದರು
ಇನಾಯತುಲ್ಲಾ ಸಾಹೇಬರು, ಕನ್ನಡಕ ಒರೆಸುತ್ತ.
ರೂಲು ಇರುವುದೇ ಹಾಗೆ.

ಅವರು ನಮಾಜಿಗೆ ಹೋದಾಗ ತೇಪೆ ಒಣಗಿತ್ತು.
ತುಂಡಾದ ಗೆರೆಗಳು ಎರಡೂ ಕಡೆ
ಬಾಯಿ ತೆರೆದು ನಿಂತಿದ್ದವು.
ಪೆನ್ಸಿಲು ಚೂಪು ಮಾಡಿದೆ.
ನನಗೆ ಅಡಿಯ ಲೆಕ್ಕ ಬಾರದು, ಏದುಸಿರಿನ ಲೆಕ್ಕ ಗೊತ್ತು:
ಎಲ್ಲಿ ನಮ್ಮ ಮಾತು ನಿಲ್ಲುತ್ತಿತ್ತೋ
ಅಲ್ಲಿ ಗೆರೆ ಒತ್ತೊತ್ತು;
ಬಂಡೆಯ ಬಿಸಿ ಬರಿಗಾಲನ್ನು ಕುಣಿಸಿ ಓಡಿಸುತ್ತಿದ್ದಲ್ಲಿ ಒಂದು ಡೊಂಕು;
ಕರಡಿ ಗವಿಯ ಹತ್ತಿರ
ಕೈ ತಾನಾಗಿ ಆಚೆ ಸರಿಯಿತು.

ಒಂದು ಕಡೆ, ಎರಡು ಗೆರೆಯ ನಡುವೆ,
ಕೂದಲೆಳೆಯಷ್ಟು ಜಾಗ ಹೆಚ್ಚು ಬಿಟ್ಟೆ.
ಅಲ್ಲಿ ಹೊರೆಗಲ್ಲು ಇತ್ತು.
ಬಂದರಿಕೆ ಸೌದೆ, ಅವಳದೊಂದು ಹೊರೆ, ನನ್ನದೊಂದು ಕಟ್ಟು.
"ದಿಂಚು" ಅನ್ನುವಳು ಅಮ್ಮ, ಮನೆಮಾತಿನಲ್ಲಿ.
ಇಳಿಸಿದ ಮೇಲೂ ಕತ್ತು ಒಂದು ಗಳಿಗೆ
ಇಲ್ಲದ ಭಾರಕ್ಕೆ ನೆಟ್ಟಗೇ ನಿಂತಿರುತ್ತಿತ್ತು.

ಸಾಹೇಬರು ಬಂದು ಭೂತಕನ್ನಡಿ ಹಿಡಿದರು.
ಬಹಳ ಹೊತ್ತು ನೋಡಿದರು.
"ಇಲ್ಲಿ ಇಳಿಜಾರು ಕಮ್ಮಿಯಾ?"
"ಸ್ವಲ್ಪ, ಸಾರ್. ಇಬ್ಬರು ನಿಲ್ಲುವಷ್ಟು."
ರಬ್ಬರು ಅವರ ಕೈಗೆ ಸಿಗುವಲ್ಲೇ ಇತ್ತು.
ರಿಜಿಸ್ಟರು ಎಳೆದುಕೊಂಡರು,
'ದುರಸ್ತಿ ಆಗಿದೆ' ಎಂದು ಬರೆದು
ಇವತ್ತು ತಾರೀಖು ಎಷ್ಟು ಅಂತ ಕೇಳಿದರು.