ತುಂಬು

ಸೋಮವಾರದ ಪೇಟೆ ಮುಗಿದು ಬ್ಯಾಡಗಿಯಲ್ಲಿ
ಬೀದಿನಾಯಿಗಳೂ ಸೀನುವ ಹೊತ್ತು.
ಅಂಗಡಿಯವರ ಅಡತಿಯ ಹಿಂದೆ, ತಗಡಿನ ನೆರಳಿಗೆ
ಎಂಟು ಹೆಂಗಸರು, ಎಂಟು ಕೆಂಪು ಗುಡ್ಡೆ.
"ಬಾರವ್ವ ಮೇಡಮ್ಮ, ಕುಂದರ ಬಾ," ಅಂದಳು ಫಕ್ಕೀರವ್ವ,
"ಭಾಳ ದೂರ ಹೋಗಿದ್ದೆಂತ. ಹೇಳು."

ನಾನು ಲ್ಯಾಬಿನವಳು.
ಕಾಯಿಯ ಕೆಂಪನ್ನು ಅಂಕಿಯಾಗಿಸಿ ಬರೆಯುವುದು ನೌಕರಿ.
ಮೂರು ದಿನ ಮೀಟಿಂಗು, ಎರಡು ದಿನ ನನ್ನವು,
ಟ್ರಿನಿಡಾಡು ಅಂತ ಅದರ ಹೆಸರು.
"ನಮ್ಮ ಹಾವೇರಿ ಜಿಲ್ಲಾದಷ್ಟ ಐತಿ ನೋಡವ್ವ, ಅಳದಂಗ.
ಸುತ್ತ ಸಮುದ್ರ ಕಟ್ಟಿಬಿಟ್ರ ನಾವೂ ಒಂದು ದ್ವೀಪನ."
"ಕುಡಿಯಾಕ ನೀರು ಮೊದಲ ಕಟ್ಟಲಿ," ಅಂದಳು ಯಾರೋ.

ಅಲ್ಲಿಯ ಹಬ್ಬ ಹೇಳಿದೆ.
ನಸುಕಿನ ನಾಲ್ಕಕ್ಕೆ ಊರಿಗೆ ಊರೇ
ಮೈಗೆ ಕೆಸರು ಬಳಿದುಕೊಂಡು ಬೀದಿಗಿಳಿಯುವುದು,
ಬ್ಯಾಂಕಿನ ಮ್ಯಾನೇಜರು, ಮೀನು ಮಾರುವಾಕೆ,
ಯಾರು ಯಾರೆಂದು ಬೆಳಗಾಗುವವರೆಗೂ ತಿಳಿಯದ್ದು.
ಮನೆಯೆತ್ತರದ ಮರಗಾಲಿನ ಮೇಲೆ ಹುಡುಗಿಯೊಬ್ಬಳು
ಕರೆಂಟಿನ ತಂತಿಗೆ ತಲೆಬಾಗಿ ದಾಟಿದ್ದು.
ಎಣ್ಣೆಯ ಪೀಪಾಯಿ ಕೊಯ್ದು, ಬಡಿದು ಬಡಿದು
ಅದರ ಹೊಟ್ಟೆಯಲ್ಲೇ ಏಳು ಸ್ವರ ಹುಟ್ಟಿಸಿದ್ದು.

"ನಮ್ಮ ಮೈದುನ ಹುಬ್ಬಳ್ಳ್ಯಾಗ ಗಾಡಿ ಗಾಲಿ ಹಳಿಗೆ
ತೊಗಲು ಬಿಗದು ಜಗ್ಗಲಗಿ ಮಾಡ್ತಾನ," ಅಂದಳು ಫಕ್ಕೀರವ್ವ,
"ಮಂದಿಗೆ ಬಡಿಯಾಕ ಏನರ ಒಂದು ಬೇಕ ತಗೋ.
ತಿನ್ನಾಕ ಏನಿತ್ತು, ಅದನ್ನ ಹೇಳು."

ಡಬಲ್ಸು.
ಅರಿಷಿಣ ಹಾಕಿ ಕರಿದ, ಮೆತ್ತನ್ನ ಎರಡು ಬರಾ,
ನಡುವೆ ಬಿಸಿ ಕಡಲೆಕಾಳು, ಕಾಗದದಲ್ಲಿ ಸುತ್ತಿ.
ನಿಂತೇ ತಿನ್ನಬೇಕು, ಮೊಣಕೈವರೆಗೆ ಸೋರುತ್ತದೆ.
ಮಾರುವಾಕೆ ಫುಲ್ಮತಿ, ಅರವತ್ತು ದಾಟಿದಾಕೆ,
ಖಾರ ಎಷ್ಟು ಅಂತ ಬೆರಳಲ್ಲೇ ಕೇಳಿದಳು.
ನನಗೋ ಬ್ಯಾಡಗಿಯ ಸೊಕ್ಕು.
ಹಾಕು, ಜೋರಾಗಿ ಹಾಕು, ಅಂದೆ.

ಆಮೇಲೆ ಕಿವಿಯಲ್ಲಿ ಗಿರಣಿ ಶುರುವಾಯಿತು.
ಮೂಗು, ಕಣ್ಣು, ನೆತ್ತಿ, ಎಲ್ಲ ಒಟ್ಟಿಗೆ ಬಿಟ್ಟುಕೊಂಡವು.
ಅಳುತ್ತಿದ್ದೇನೆ ಅಂದುಕೊಂಡು ಆಕೆ ಬೆನ್ನು ಸವರಿದಳು.
ಅಳುತ್ತಲೇ ಇದ್ದೆನೇನೋ.

ಯಾವ ಊರಿನವರು ನಿಮ್ಮವರು, ಅಂದೆ, ಉಸಿರು ಬಂದ ಮೇಲೆ.
ಹಡಗಿನವರು, ಅಂದಳು.
ಮುತ್ತಜ್ಜಿಯ ಕೊರಳ ಚೀಟಿಯಲ್ಲಿ ಊರಿನ ಹೆಸರಿತ್ತಂತೆ,
ಚೀಟಿಯನ್ನು ಹುಳ ತಿಂದವಂತೆ.
ನನ್ನ ಬ್ಯಾಗಿನಲ್ಲಿ ಒಂದು ಹಿಡಿ ಡಬ್ಬಿ ಕಾಯಿ ಇತ್ತು,
ಕಾಣಿಕೆ ಕೊಟ್ಟೆ.
ಮುರಿದಳು, ಮೂಸಿದಳು, ನಾಲಿಗೆಗೆ ಇಟ್ಟು ಕಾದಳು,
ಕಾದಳು,
ಮತ್ತೆ ಬಂಡಿ ಹಿಡಿದುಕೊಂಡು ನಕ್ಕಳು:
ಏನು ಚಂದ ಬಣ್ಣ! ಇದರ ಖಾರ ಎಲ್ಲಿ ಹೋಯಿತು?

ಹೇಗೆ ಹೇಳಲಿ. ಆ ಕಡೆಯ ಮಣ್ಣಿನ ಕೂಸು ಇದು,
ಯಾವನೋ ಫರಂಗಿಯ ಹಡಗು ಹತ್ತಿ ಬಂದು
ನಮ್ಮ ಎರೆಹೊಲಕ್ಕೆ ಸೊಸೆಯಾಯಿತು.
ಈ ಬಿಸಿಲಿಗೆ ಸುಕ್ಕು ಬಿದ್ದು, ಬಣ್ಣವೇರಿ,
ಜಗಳ ಮರೆತು, ಮನೆಯವಳೇ ಆಗಿ,
ನಾಲ್ಕೈದು ನೂರು ವರ್ಷಕ್ಕೆ ನನ್ನ ಕೈಚೀಲದಲ್ಲಿ
ಆ ನೀರಿನ ಅಂಚಿಗೆ ಬಂದರೆ
ತವರಿನ ಕಡೆಯವರಿಗೇ ಗುರುತಿಲ್ಲ.

ಇಷ್ಟು ಹೇಳಿ ಫೋನು ತೆಗೆದು ಫೋಟೊ ತೋರಿಸಿದೆ.
ಫಕ್ಕೀರವ್ವ ಬೆರಳು ಮುಟ್ಟಿಸಲಿಲ್ಲ,
ಮಣಿಕಟ್ಟಿನಿಂದ ದೂಡುತ್ತಾ ನೋಡಿದಳು.
ಕುಣಿತ ದೂಡಿದಳು, ಕಡಲು ದೂಡಿದಳು,
ಫುಲ್ಮತಿಯ ಬಂಡಿಯಲ್ಲಿ ಕಾಯಿ ತುಂಬಿದ ಬುಟ್ಟಿಗೆ ನಿಂತಳು.
"ಹೌದಾ, ಇವಕ್ಕ ತುಂಬು ಯಾರು ಬಿಡಸ್ತಾರ?
ಕಿಲೋಕ್ಕ ಎಷ್ಟ ಕೊಡ್ತಾರ ಅಲ್ಲಿ?"

ನಾನು ಕೇಳಿರಲಿಲ್ಲ.

"ಹೋಗ್ಲಿ ಬಿಡು," ಅಂದು, ಒಂದು ಮೊರ ಕಾಯಿ
ನನ್ನ ಮಡಿಲಿಗೆ ಸುರಿದಳು,
"ಬಾಯಿ ಮಾತಾಡ್ಲಿ. ಕೈ ಯಾಕ ಸುಮ್ನ ಕುಂದರಬೇಕು?"

ಹನ್ನೆರಡನೆಯ ಕಾಯಿಗೆ
ಉಗುರ ಸಂದಿ ಉರಿಯತೊಡಗಿತು.