ಮೂಗು ಚುಚ್ಚುವ ದರ

ರಥಬೀದಿಯ ಬಾಬುರಾಯ ಆಚಾರ್ಯರು
ಭೂತಗನ್ನಡಿಯನ್ನು ಹಣೆಗೇರಿಸಿ ಕೇಳಿದರು:
"ಎಂತ ಇದು, ಹುಕ್ಕದ ಕೊರಳಾ?"

ಬಸೂನಿನ ಬಾಯಿಕೊಳವೆ, ಅಂದೆ.
ಕೊಕ್ಕರೆಯ ಕತ್ತಿನ ಹಾಗೆ ಬಾಗಿದ ಹಿತ್ತಾಳೆ.
ಅದರ ತುದಿಗೆ ಜೊಂಡಿನ ಜೋಡಿನಾಲಗೆ,
ನಾಗಸ್ವರದ ಪೀಪಿಗೆ ದೂರದ ದಾಯಾದಿ.
ಇಲ್ಲಿ, ಈ ಬಾಗಿನಲ್ಲಿ, ಸಾಸಿವೆಗಿಂತ ತುಸು ದೊಡ್ಡ
ತೂತೊಂದು ಬೇಕು. ಮೈಕಿನ ಮೊಗ್ಗು ಕೂರಬೇಕು.

"ಊದುವುದಕ್ಕೆ ತೂತು ಕೊರೆದರೆ ಗಾಳಿ ಸೋರುವುದಿಲ್ವಾ?"
ಸೋರಿದರೂ ಕರೆಂಟಾಗಿ ಸೋರುತ್ತದೆ, ಅಂದೆ.
ಅವರು ನಗಲಿಲ್ಲ.

ಕಾರಣ ಹೇಳಲಿಲ್ಲ ನಾನು.

ಫಳ್ನೀರಿನ ಮಹಡಿ ಹೋಟೆಲಿನಲ್ಲಿ ಶನಿವಾರಕ್ಕೊಮ್ಮೆ ಜಾಝ್:
ಡ್ರಮ್ಮಿಗೆ ಬಂದರಿನ ನೌಫಲ್, ಕೀಬೋರ್ಡಿಗೆ ಐವನ್ ಲಸ್ರಾದೊ,
ನಡುವೆ ನಾನು, ನನ್ನೆತ್ತರದ ಮರದ ಕೊಳವೆ.
ನೌಫಲ್ ಕಡ್ಡಿ ಮುಟ್ಟಿದನೋ, ನಾನು ಮಾಯ.
"ಸ್ಯಾಕ್ಸಾ ಮಾರಾಯ್ರೆ ಅದು?" ಕೇಳುತ್ತಿದ್ದರು.
ಈ ಊರಲ್ಲಿ ಸ್ಯಾಕ್ಸು ಮದುವೆಗೂ ಉಂಟು, ದೇವಸ್ಥಾನಕ್ಕೂ ಉಂಟು.
ಒಂದು ರಾತ್ರಿ ವೇಟರ್ ಪದ್ಮನಾಭ
ನಾಲಗೆ ನೆನೆಸಿಟ್ಟ ಚಾ ಗ್ಲಾಸನ್ನು
ಎಂಜಲೆಂದು ಎತ್ತಿಕೊಂಡು ಹೋದ.
ಎರಡನೆಯ ಸುತ್ತು ಪೂರ್ತಿ ಬರೇ ಬೆರಳಾಡಿಸಿದೆ.
ಊದಲಿಲ್ಲ.
ಯಾರಿಗೂ ಗೊತ್ತಾಗಲಿಲ್ಲ. ಐವನಿಗೂ.

ಆಚಾರ್ಯರು ಕೊಳವೆಯೊಳಗೆ ಅರಗು ತುಂಬಿ,
ನೆಲದಲ್ಲಿ ಕೂತು, ಪಾದಗಳ ನಡುವೆ ಅದನ್ನು ಅದುಮಿ
ಬೈರಿಗೆ ತಿರುಗಿಸಿದರು.
ಹೊಳೆಯುವ ಸುರುಳಿಯೊಂದು ಎದ್ದು ಲುಂಗಿಯ ಮೇಲೆ ಬಿತ್ತು.
ನನ್ನ ಕಿವಿ ಚುಚ್ಚಿದ್ದು ಇವರ ಅಪ್ಪ, ಇದೇ ಮಣೆಯ ಮೇಲೆ;
ಅಳಲು ಬಾಯಿ ತೆರೆದಾಗ ಬೆಲ್ಲ ತುರುಕಿದ್ದರು.
ಎಷ್ಟಾಯಿತು, ಕೇಳಿದೆ.
"ಮೂಗು ಚುಚ್ಚುವ ದರ ಕೊಡಿ ಎವ್ಲಿನ್ ಬಾಯಮ್ಮ.
ಬೇರೆ ದರ ನನಗೆ ಗೊತ್ತಿಲ್ಲ."

ಮೊದಲ ರಾತ್ರಿ ಸ್ಪೀಕರಿನಿಂದ ಬಂದದ್ದು ಸಂಗೀತವಲ್ಲ.
ಕೀಲಿಗಳ ಕಟಕಟ. ಎಂಜಲಿನ ಗುಳುಗುಳು.
ಒಂಬತ್ತು ಕೀಲಿ ಕಾಯುವ ಎಡ ಹೆಬ್ಬೆರಳಿನ ಗೊಣಗು.
ಉಸಿರೆಳೆಯುವಾಗ ಎದೆಯಲ್ಲೊಂದು ಕೀರಲು,
ಡಾಕ್ಟರಿಗೂ ಹೇಳದೆ ಇಟ್ಟುಕೊಂಡಿದ್ದದ್ದು,
ಬಿರಿಯಾನಿ ತಿನ್ನುವ ನಲವತ್ತು ಮಂದಿಯ ಮುಂದೆ.
ಅರ್ಥಿಂಗ್ ಸರಿಯಿಲ್ಲದ ಗೋಡೆ ಒಂದೇ ಸಮ ಹೂಂಗುಡುತ್ತಿತ್ತು,
ಜಿ ಸ್ವರಕ್ಕಿಂತ ಕೂದಲೆಳೆ ಮೇಲೆ.
ಐವನ್ ಅದನ್ನೇ ಶ್ರುತಿಯೆಂದು ಹಿಡಿದ, ಪುಣ್ಯಾತ್ಮ.

ಈಗ ಕಾಲಬುಡದಲ್ಲಿ ಮೂರು ಪೆಡಲು, ಸೋಪಿನ ಪೆಟ್ಟಿಗೆಯಷ್ಟಷ್ಟೇ.
ಒಂದನ್ನು ಮೆಟ್ಟಿದರೆ ಸ್ವರ ಒಂದು ಸ್ಥಾಯಿ ಕೆಳಗಿಳಿದು
ದಕ್ಕೆಯಲ್ಲಿ ಹಿಂದೆ ಸರಿಯುವ ಬೋಟಿನ ಎಂಜಿನು;
ಮೇಜಿನ ಚಮಚಗಳು ನಡುಗುತ್ತವೆ.
ಇನ್ನೊಂದು, ಸ್ವರದ ಬಾಯಿ ತೆರೆದು ಮುಚ್ಚುತ್ತದೆ,
ಬೆಳಗ್ಗೆ ಬೂತಾಯಿ ಮಾರುವವಳ ಕರೆಯ ಹಾಗೆ.
ಮೂರನೆಯದು ಸಾಲಗಾರ.
ಊದಿದ್ದನ್ನು ಅರೆಕ್ಷಣ ಇಟ್ಟುಕೊಂಡು ಹಿಂದಿರುಗಿಸುತ್ತದೆ,
ತಪ್ಪನ್ನೂ.
ಆ ತಪ್ಪಿನ ಪಕ್ಕ ಇನ್ನೊಂದು ಸ್ವರ ಇಡುತ್ತೇನೆ,
ಎರಡೂ ಕೈ ಹಿಡಿದುಕೊಂಡು ಬರುತ್ತವೆ.
ನಾಲ್ಕನೆಯ ಸಲಕ್ಕೆ
ತಪ್ಪು ಯಾವುದಿತ್ತು, ನನಗೇ ನೆನಪಿರುವುದಿಲ್ಲ.

ಮೊನ್ನೆ ಆ ಕೀರಲನ್ನೇ ಅದಕ್ಕೆ ಕೊಟ್ಟೆ.
ಊದಲಿಲ್ಲ; ನಾಲಗೆಯ ನಡುವಿನಿಂದ ಬರೇ ಉಸಿರೆಳೆದೆ.
ಬಂತು, ಮತ್ತೆ ಬಂತು, ತನ್ನ ಹೆಗಲ ಮೇಲೆ ತಾನೇ ಕೂತು ಬಂತು.
ನೌಫಲ್ ಕಡ್ಡಿ ಕೆಳಗಿಟ್ಟು ಬೆರಳಲ್ಲಿ ಬಾರಿಸಿದ.
ಪದ್ಮನಾಭ ಟ್ರೇ ಹಿಡಿದು ನಿಂತೇ ಇದ್ದ,
ಮರುವಾಯಿ ಸುಕ್ಕ ಆರುತ್ತಿತ್ತು.

ಮೂಲೆಯಲ್ಲಿ ಆಚಾರ್ಯರು, ಇಸ್ತ್ರಿ ಮಾಡಿದ ಅಂಗಿ, ಲಿಂಬೆ ಶರಬತ್ತು.
ಮುಗಿದ ಮೇಲೆ ಬಂದರು. ಸಂಗೀತದ ಬಗ್ಗೆ ಒಂದಕ್ಷರ ಇಲ್ಲ.
ಕೊಳವೆಯನ್ನು ಟ್ಯೂಬ್‌ಲೈಟಿಗೆ ಹಿಡಿದು ತೂತಿನ ಅಂಚು ನೋಡಿದರು.
"ಮೂಗಾದರೆ, ಬೊಟ್ಟು ಹಾಕದೆ ಬಿಟ್ಟರೆ
ತಿಂಗಳಲ್ಲಿ ಕೂಡಿಕೊಳ್ಳುತ್ತದೆ ಬಾಯಮ್ಮ.
ಇದು ಲೋಹ. ಇದಕ್ಕೆ ಗುಣವಾಗಲು ಗೊತ್ತಿಲ್ಲ."

ಮನೆಯಲ್ಲಿ ತಂತಿಯಿಲ್ಲದೆ ನುಡಿಸುವ ಬೆಳಗ್ಗೆ
ಹಳೆಯ ಇಯರ್‌ಫೋನಿನ ರಬ್ಬರು ತುರುಕುತ್ತೇನೆ ಆ ತೂತಿಗೆ.
ಕೆಲವೊಮ್ಮೆ ಮರೆಯುತ್ತೇನೆ.
ಆಗ ನನ್ನದೇ ಉಸಿರು, ಸೂಜಿಯಷ್ಟು,
ಕೆನ್ನೆಗೆ ಬಂದು ತಾಗುತ್ತದೆ.