ಹದಿನಾಲ್ಕು ಸೆಕೆಂಡು

ಮೊದಲು ಮೀನುಗಳನ್ನು ಬಕೆಟ್ಟಿಗೆ ಹಾಕಿದೆವು.
ಬಿರುಗಾಳಿ ಬೇಕಿತ್ತು ನಮಗೆ,
ಕಪ್ಪು ಸಮುದ್ರದ ಮೇಲೆ ಏಳುವಂಥದು.
ಇದ್ದದ್ದು ಗಾಜಿನ ತೊಟ್ಟಿ, ಕಾಲು ಲೀಟರು ಹಾಲು,
ಬೊಂಡೊ ಮಾಮ ಜೇನುಗೂಡಿಗೆ ಔಷಧಿ ಬಿಡುವ ದಪ್ಪ ಸಿರಿಂಜು.

ತಳಕ್ಕೆ ಉಪ್ಪುನೀರು, ಮೇಲೆ ಸಿಹಿನೀರು,
ನಡುವೆ ಹಾಸಿದ ಪ್ಲಾಸ್ಟಿಕ್ ಹಾಳೆಯನ್ನು
ನಿದ್ದೆಹೋದ ಮಗುವಿನ ಕೆಳಗಿಂದ ಕೈ ತೆಗೆದಂತೆ
ಮೆತ್ತಗೆ ಎಳೆದುಕೊಳ್ಳಬೇಕು.
ನಾಲ್ಕು ಸಲ ಕಲಸಿಹೋಯಿತು.
ಐದನೇ ಸಲ ತಮ್ಮ ತೊರ್ನಿಕೆ ಉಸಿರು ಬಿಗಿಹಿಡಿದು ಒತ್ತಿದ:
ಹಾಲು ಇಳಿಯಿತು, ಉಪ್ಪಿನ ನೆಲ ತಾಗಿ
ಅಡ್ಡಡ್ಡ ಹರಡಿತು, ಗಂಟುಗಂಟಾಗಿ ಉಬ್ಬಿತು,
ನಾನು ಟಾರ್ಚು ಮಿಣುಕಿಸಿದೆ. ಮಿಂಚು.
ಕುತಾಯಿಸಿಯ ಮೂರನೇ ಮಹಡಿಯ ಅಡುಗೆಮನೆಯಲ್ಲಿ
ಹಡಗು ಮುಳುಗುವಷ್ಟು ಮೋಡ.
ಅಮ್ಮ ಬಂದು ಕೇಳಿದಳು: "ಹಾಲೆಲ್ಲಿ?"
ತೊರ್ನಿಕೆ ಆಕಾಶ ತೋರಿಸಿದ.

ಗೋಡೆ ಹತ್ತುವುದಕ್ಕೆ ನೆಲವೇ ಸಾಕು.
ಸೀಮೆಸುಣ್ಣದಲ್ಲಿ ಕಿಟಕಿ ಬರೆದು, ಬೀರುವಿನ ಮೇಲಿಂದ ಫೋನು ಬಗ್ಗಿಸಿ,
ತಮ್ಮ ಅಂಗಾತ ಬಿದ್ದು ತೆವಳಿದ, ಹಲ್ಲು ಕಚ್ಚಿಕೊಂಡು,
ಬಿದ್ದರೆ ಸತ್ತೇ ಹೋಗುವವನ ಹಾಗೆ.
ಅಷ್ಟರಲ್ಲಿ ಪಕ್ಕದ ಮನೆಯ ಬೆಕ್ಕು
ಹತ್ತನೇ ಅಂತಸ್ತಿನ ಗೋಡೆ ಮೇಲೆ
ಆಕಳಿಸುತ್ತಾ ನಡೆದುಹೋಯಿತು.
ಅದನ್ನೇ ಉಳಿಸಿಕೊಂಡೆವು.

ಆಮೇಲೆ ಅಂಗಳ. ದ್ರಾಕ್ಷಿ ಚಪ್ಪರದ ಆ ತುದಿಗೆ ಮಾಮ,
ಈ ತುದಿಗೆ, ಫೋನಿನಿಂದ ಒಂದು ಮೊಳ ದೂರ, ತಮ್ಮನ ಅಂಗೈ.
"ಎಡಕ್ಕೆ ಮಾಮ, ಇನ್ನೂ ಎಡಕ್ಕೆ, ಅಯ್ಯೋ, ನಿನ್ನ ಎಡಕ್ಕಲ್ಲ!"
ಮೂವತ್ತು ವರ್ಷ ಟ್ರಾಲಿಬಸ್ ಓಡಿಸಿದ ಆಳು,
ಎರಡು ತಂತಿ ಬಿಟ್ಟು ಆಚೀಚೆ ಹೋಗದವನು,
ಕೊನೆಗೂ ಬಂದು ಬೆರಳ ಬುಡದಲ್ಲಿ ನಿಂತ,
ಕೋಲೂರಿಕೊಂಡು, ಒಂದು ಅಂಜೂರದಷ್ಟಾಗಿ.
"ಭಾರವಾದೆನಾ?" ಎಂದು ಅಲ್ಲಿಂದಲೇ ಕೂಗಿದ.

ಉಳಿದದ್ದು ಮಾಯವಾಗುವ ದೃಶ್ಯ. ಅದು ಸುಲಭ:
ಕುರ್ಚಿಯಲ್ಲಿ ಮನುಷ್ಯ. ಚಿತ್ರ ನಿಲ್ಲಿಸು. ಅವನು ಎದ್ದು ಹೋಗಲಿ.
ಮತ್ತೆ ಶುರುಮಾಡು. ಬರೀ ಕುರ್ಚಿ.
ಫೋನು ಕೂದಲೆಳೆಯಷ್ಟೂ ಅಲುಗಬಾರದು, ಅಷ್ಟೆ.
ಮುಟ್ಟಿದರೆ ಅಲುಗುತ್ತದೆಂದು ನಾನು ನಿಲ್ಲಿಸಲೇ ಇಲ್ಲ.
ಓಡಲಿ, ಆಮೇಲೆ ಕತ್ತರಿಸಿದರಾಯಿತು.

ಶನಿವಾರ ರಾತ್ರಿ ಬಟ್ಟೆ ಹಗ್ಗಕ್ಕೆ ದುಪ್ಪಟಿ ಕಟ್ಟಿದೆವು.
ಬಿರುಗಾಳಿಗೆ ಚಪ್ಪಾಳೆ. ಬೆಕ್ಕಿಗೆ ಇನ್ನೂ ದೊಡ್ಡ ಚಪ್ಪಾಳೆ.
ಮಾಮ ಟೊಪ್ಪಿ ಸರಿಮಾಡಿಕೊಂಡ, ಫಕ್ಕನೆ ಇಲ್ಲ!
ಕೆಳಮನೆಯ ಪುಟ್ಟ ಹುಡುಗಿ ದುಪ್ಪಟಿ ಎತ್ತಿ
ಹಿಂದೆ ಹುಡುಕಿ ಬಂದಳು.

ಎಲ್ಲರೂ ಎದ್ದುಹೋದ ಮೇಲೆ ಮಾಮ ಉಳಿದ.
"ಕತ್ತರಿಸಿದೆಯಲ್ಲ, ಆ ತುಂಡು ಎಸೆದೆಯಾ?"
ಎಸೆದಿರಲಿಲ್ಲ. ಹದಿನಾಲ್ಕು ಸೆಕೆಂಡು.
ಕೈ ಕುರ್ಚಿಯ ತೋಳು ಹುಡುಕುತ್ತದೆ. ಏಳುತ್ತಾನೆ, ಎರಡು ಕಂತಿನಲ್ಲಿ.
ಬಲಗಾಲು ಹೋಗುತ್ತದೆ, ಎಡಗಾಲು ಯೋಚಿಸಿ ಹಿಂಬಾಲಿಸುತ್ತದೆ.
ಬಾಗಿಲ ಚೌಕಟ್ಟಿಗೆ ಅಂಗೈ ಒತ್ತಿ
ತುಸು ನಿಂತು, ದಾಟುತ್ತಾನೆ.

"ಇನ್ನೊಂದು ಸಲ," ಎಂದ. ಕನ್ನಡಕ ಒರೆಸಿದ.
"ಇದು ನಾನಲ್ಲ ನೆಸ್ತಾನ್.
ಚಿಯತೂರಾದ ಗಣಿಯಿಂದ ಮನೆಗೆ ಬರುತ್ತಿದ್ದ ನಮ್ಮಪ್ಪ.
ಆ ಚೌಕಟ್ಟು ಹಿಡಿಯೋದು ನೋಡು."
ಅವರದೊಂದು ಫೋಟೋ ಇದೆಯಂತೆ,
ಗುರುತಿನ ಚೀಟಿಯದು, ನಡೆಯದ್ದು.

"ಹಿಂದುಮುಂದಾಗಿ ಓಡಿಸಲಾ?" ತೊರ್ನಿಕೆ ಕೇಳಿದ.
ನಾನು ಮೊಣಕೈಯಲ್ಲಿ ತಿವಿದೆ.
ಮಾಮ ಆಗಲೇ ತಲೆಯಾಡಿಸಿಯಾಗಿತ್ತು.

ಬಾಗಿಲಿಂದ ಮೊದಲು ಬೆನ್ನು ಬಂತು.
ಚೌಕಟ್ಟಿನಿಂದ ಕೈ ಬಿಡಿಸಿಕೊಂಡು,
ಹೆಜ್ಜೆ ಹಿಂದಕ್ಕೆ ಹಿಂದಕ್ಕೆ ಇಡುತ್ತಾ,
ಎರಡು ಕಂತಿನಲ್ಲಿ ಮಂಡಿ ಮಡಚಿ
ಬಂದು ಕೂತರು.
ಟೊಪ್ಪಿ ಸರಿಮಾಡಿಕೊಂಡರು.

ಮೇಲಿಂದ ಅಮ್ಮ ಕೂಗುತ್ತಿದ್ದಳು,
ಮೀನು ಇನ್ನೂ ಬಕೆಟ್ಟಿನಲ್ಲೇ ಇವೆಯೆಂದು.